ಟ್ರ್ಯಾಪಿನಲ್ಲಿ ಒಂದೇ ಕ್ಯಾಲ್ಸಿಯಂ ಅಯಾನು, ಜೊತೆಗೆ ಹೊಸ ಕೋಂಬ್: ನಂಬುವಂಥ ಅಂಕಿ ಪಡೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಪಾಲ್ ಟ್ರ್ಯಾಪಿನಲ್ಲಿ (ವಿದ್ಯುತ್ ಕ್ಷೇತ್ರದಿಂದ ಅಯಾನನ್ನು ಹಿಡಿದಿಡುವ ಸಾಧನ) ಒಂದು ಕ್ಯಾಲ್ಸಿಯಂ-40 ಅಯಾನು ಹಿಡಿದು, 729 ನ್ಯಾನೋಮೀಟರ್ ಲೇಸರಿನಿಂದ ಅದರ ಕ್ವಾಡ್ರುಪೋಲ್ ರೇಖೆಯ (ಅಯಾನು ಹೀರುವ ತೀರಾ ಸಪೂರ ರೇಖೆ) ಆವರ್ತನ ಅಳೆಯುವ ಕೆಲಸ. ಲ್ಯಾಬಿಗೆ ಈಗ 250 ಮೆಗಾಹರ್ಟ್ಸ್‌ನ ಅರ್ಬಿಯಂ ಫೈಬರ್ ಕೋಂಬ್ (ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದ ಆವರ್ತನಗಳನ್ನು ಕೊಡುವ ಲೇಸರ್) ಬಂದಿದೆ. ಬೀಟ್ (ನಮ್ಮ ಲೇಸರಿಗೂ ಹತ್ತಿರದ ಹಲ್ಲಿಗೂ ಇರುವ ಆವರ್ತನ ವ್ಯತ್ಯಾಸದ ಸಿಗ್ನಲ್) ಕಾಣುತ್ತದೆ, ಆದರೆ ಲೆಕ್ಕ ಹಾಕಿದರೆ ದಿನಕ್ಕೊಂದು ಅಂಕಿ. ಮೊದಲು ಏನು ಪರೀಕ್ಷಿಸಲಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1

ಅಂಕಿ ಎಷ್ಟು ಆಚೀಚೆ ಆಗುತ್ತಿದೆ ಅಂತ ಮೊದಲು ನೋಡಿ. ತಪ್ಪು ಎಲ್ಲಿದೆ ಅನ್ನೋದು ಬಹುಪಾಲು ಅಲ್ಲೇ ಗೊತ್ತಾಗುತ್ತೆ. 250 ಮೆಗಾಹರ್ಟ್ಸ್‌ನ ಗುಣಕದಷ್ಟಿದ್ದರೆ ಕೋಂಬಿನ ಹಲ್ಲಿನ ಸಂಖ್ಯೆ ತಪ್ಪಿದೆ. ನಿಮ್ಮ ರೇಖೆ 411 ಟೆರಾಹರ್ಟ್ಸ್ ಹತ್ತಿರ, ಅಂದರೆ ಸುಮಾರು 16.44 ಲಕ್ಷನೇ ಹಲ್ಲು. ಸರಿಯಾದ ಹಲ್ಲು ಗುರುತಿಸಲು ವೇವ್‌ಮೀಟರಿನ ತಪ್ಪು 125 ಮೆಗಾಹರ್ಟ್ಸ್‌ಗಿಂತ ಸಾಕಷ್ಟು ಕಡಿಮೆ ಇರಬೇಕು. ಕ್ಯಾಲಿಬ್ರೇಶನ್ ಹಳೆಯದಾಗಿದ್ದರೆ ನಂಬಬೇಡಿ.

ಕೆಲವು ಮೆಗಾಹರ್ಟ್ಸ್‌ನಿಂದ ನೂರಾರು ಮೆಗಾಹರ್ಟ್ಸ್‌ವರೆಗಿನ ವ್ಯತ್ಯಾಸವಾದರೆ ಬೀಟಿನ ಚಿಹ್ನೆ (ಕೂಡಬೇಕೋ ಕಳೆಯಬೇಕೋ) ನೋಡಿ. ರಿಪಿಟಿಶನ್ ರೇಟನ್ನು (ಹಲ್ಲುಗಳ ನಡುವಿನ ಅಂತರ) ಒಂದಿಷ್ಟೇ ಏರಿಸಿ. ಬೀಟ್ ಇಳಿದರೆ ನಿಮ್ಮ ಲೇಸರ್ ಹಲ್ಲಿಗಿಂತ ಮೇಲಿದೆ, ಏರಿದರೆ ಕೆಳಗಿದೆ. ಇದನ್ನು ಪ್ರತಿದಿನ ಮಾಡಿ, ಲಾಗ್‌ಬುಕ್‌ನಲ್ಲಿ ಬರೆಯಿರಿ. ಆಫ್‌ಸೆಟ್‌ಗೂ (ಹಲ್ಲುಗಳ ಇಡೀ ಸಾಲು ಸೊನ್ನೆಯಿಂದ ಸರಿದಿರುವಷ್ಟು) ಇದೇ ಪರೀಕ್ಷೆ. ಹೆಚ್ಚಿನ ಅರ್ಬಿಯಂ ಕೋಂಬ್‌ಗಳಲ್ಲಿ 729ಕ್ಕೆ ಬೆಳಕು ಬರುವುದು 1458 ನ್ಯಾನೋಮೀಟರನ್ನು ದ್ವಿಗುಣಗೊಳಿಸಿ. ಹಾಗಿದ್ದರೆ ಸೂತ್ರದಲ್ಲಿ ಆಫ್‌ಸೆಟ್ ಒಂದಲ್ಲ, ಎರಡು ಪಟ್ಟು ಸೇರಬೇಕು. ಮ್ಯಾನುಯಲ್‌ನಲ್ಲಿರುವ ಸೂತ್ರ ಮೂಲ ಕೋಂಬಿನದೋ ದ್ವಿಗುಣಗೊಂಡದ್ದೋ ಅಂತ ಖಚಿತ ಮಾಡಿಕೊಳ್ಳಿ.

ಎಒಎಂಗಳನ್ನೂ (ಶಬ್ದತರಂಗದಿಂದ ಬೆಳಕಿನ ಆವರ್ತನ ಸರಿಸುವ, ಬೆಳಕನ್ನು ಆನ್-ಆಫ್ ಮಾಡುವ ಸಾಧನ) ಎಣಿಸಿ. 80 ಮೆಗಾಹರ್ಟ್ಸ್‌ನದನ್ನು ಡಬಲ್ ಪಾಸ್ ಮಾಡಿದ್ದರೆ (ಬೆಳಕನ್ನು ಎರಡು ಸಲ ಹಾಯಿಸಿದ್ದರೆ) ಅಯಾನಿಗೆ ತಲುಪುವ ಬೆಳಕು ಕೋಂಬಿಗೆ ಹೋಗುವುದಕ್ಕಿಂತ 160 ಮೆಗಾಹರ್ಟ್ಸ್ ಬೇರೆ. ಅವುಗಳನ್ನು ನಡೆಸುವ ಸಿಂಥಸೈಸರ್, ಬೀಟ್ ಎಣಿಸುವ ಕೌಂಟರ್, ಕೋಂಬ್ ಎಲ್ಲಕ್ಕೂ ಒಂದೇ 10 ಮೆಗಾಹರ್ಟ್ಸ್ ರೆಫರೆನ್ಸ್ (ಗಡಿಯಾರದ ಸಿಗ್ನಲ್) ಕೊಡಿ. ಬೀಟ್ 100 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ 30 ಡಿಬಿ ಎದ್ದು ನಿಲ್ಲದಿದ್ದರೆ ಕೌಂಟರ್ ಸೈಕಲ್ ತಪ್ಪಿಸುತ್ತೆ. ಅದೇ ಬೀಟನ್ನು ಇನ್ನೊಂದು ಕೌಂಟರ್‌ಗೂ ಬೇರೆ ಫಿಲ್ಟರ್ ಮೂಲಕ ಕೊಟ್ಟು, ಎರಡೂ ಒಪ್ಪದ ಓದುಗಳನ್ನು ಕೈಬಿಡಿ.

ಉತ್ತರ 2

ನಾನು ಟ್ರ್ಯಾಪ್ ಕಡೆಯವಳು, ಅಯಾನಿನ ಬಗ್ಗೆ ಮಾತ್ರ ಹೇಳ್ತೀನಿ. ವ್ಯತ್ಯಾಸ ಹತ್ತಾರು, ನೂರಾರು ಹರ್ಟ್ಸ್‌ನಲ್ಲಿದ್ದರೆ ಕಾಂತಕ್ಷೇತ್ರದ ಮೇಲೆ ಅನುಮಾನ ಪಡಿ. ಕಾಂತಕ್ಷೇತ್ರದಲ್ಲಿ ನಿಮ್ಮ ರೇಖೆ ಹಲವು ಝೀಮನ್ ರೇಖೆಗಳಾಗಿ ಒಡೆಯುತ್ತೆ. ಕೆಳಗಿನ, ಮೇಲಿನ ಎರಡೂ ಮಟ್ಟಗಳಲ್ಲಿ ಎಂ (ಉಪಮಟ್ಟದ ಸಂಖ್ಯೆ) ಬೆಲೆ ಮೈನಸ್ ಅರ್ಧ ಇರುವ ರೇಖೆ ಒಂದು ಗಾಸ್‌ಗೆ 0.56 ಮೆಗಾಹರ್ಟ್ಸ್ ಸರಿಯುತ್ತೆ. ಕ್ಷೇತ್ರ 0.1 ಮಿಲಿಗಾಸ್ ಕದಲಿದರೂ 56 ಹರ್ಟ್ಸ್ ಹೋಯಿತು! ಅದಕ್ಕೇ ಎಂದೂ ಒಂದೇ ರೇಖೆ ಅಳೆಯಬೇಡಿ. ಸಮ್ಮಿತಿಯ ಜೋಡಿ (ಎಂ ಬೆಲೆಗಳ ಚಿಹ್ನೆ ಮಾತ್ರ ತಿರುಗಿದ ಎರಡು ರೇಖೆ) ತೆಗೆದುಕೊಂಡು, ಒಂದಾದ ಮೇಲೊಂದು ಅಳೆದು ಸರಾಸರಿ ಮಾಡಿ. ಪ್ರತಿ ಪಲ್ಸನ್ನೂ 50 ಹರ್ಟ್ಸ್ ಮೇನ್ಸ್ ಜೊತೆ ಟ್ರಿಗರ್ ಮಾಡಿ. ಮೇಲಿನ ಡಿ 5/2 ಮಟ್ಟದ ಎಂ 1/2, 3/2, 5/2 ಮೂರೂ ಜೋಡಿಗಳ ಸರಾಸರಿ ತೆಗೆದರೆ ಕ್ವಾಡ್ರುಪೋಲ್ ಶಿಫ್ಟ್ (ಜಾಗದಿಂದ ಜಾಗಕ್ಕೆ ಬದಲಾಗುವ ವಿದ್ಯುತ್ ಕ್ಷೇತ್ರ ರೇಖೆಯನ್ನು ಸರಿಸುವುದು) ಕೂಡ ರದ್ದಾಗುತ್ತೆ.

ಅಯಾನನ್ನು ತಂಪಾಗಿಸುವ 397 ನ್ಯಾನೋಮೀಟರ್ ಲೇಸರನ್ನು ಎಒಎಂನಿಂದ ಆಫ್ ಮಾಡಿದರೆ ಸಾಲದು, ಸೋರುವ ಬೆಳಕೇ ರೇಖೆಯನ್ನು ತಳ್ಳುತ್ತೆ. ಮೆಕ್ಯಾನಿಕಲ್ ಶಟರ್ ಹಾಕಿ. 866, 854 ನ್ಯಾನೋಮೀಟರ್‌ನ ಸಹಾಯಕ ಲೇಸರುಗಳಿಗೂ ಹಾಗೇ. ಮೈಕ್ರೋಮೋಶನ್ನನ್ನು (ಟ್ರ್ಯಾಪಿನ ಕ್ಷೇತ್ರದ ಜೊತೆ ಅಯಾನು ನಡುಗುವುದು) ಒಂದೇ ದಿಕ್ಕಿನ ಕಿರಣದಲ್ಲಿ ನೋಡಿ ಸುಮ್ಮನಾಗಬೇಡಿ, ಮೂರು ದಿಕ್ಕಿನಿಂದಲೂ ಸರಿಪಡಿಸಿ.

ಉತ್ತರ 3

ರೆಫರೆನ್ಸ್ ಯಾವುದು? ಜಿಪಿಎಸ್‌ಗೆ ಕಟ್ಟಿದ ರುಬಿಡಿಯಂ ಗಡಿಯಾರ ಆದರೆ, 10ರ ಮೈನಸ್ 12ನೇ ಘಾತದ ತಪ್ಪೇ ನಿಮ್ಮ ರೇಖೆಯಲ್ಲಿ 411 ಹರ್ಟ್ಸ್. ದೀರ್ಘ ಸರಾಸರಿ ಇಲ್ಲದೆ ಅದರಾಚೆಯ ಅಂಕಿಗಳನ್ನು ಬರೆಯಬೇಡಿ.

ಆದರೆ ನಿಮಗೆ ಒಂದು ಭಾಗ್ಯ ಇದೆ. ಈ ರೇಖೆ ಎಲ್ಲಿದೆ ಅಂತ ಜಗತ್ತಿಗೆ ಗೊತ್ತು. 2009ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ತಂಡ ಪ್ಯಾರಿಸ್ಸಿನಿಂದ ತಂದ ಸೀಸಿಯಂ ಫೌಂಟನ್ ಪರಮಾಣು ಗಡಿಯಾರ ಪಕ್ಕದಲ್ಲಿಟ್ಟುಕೊಂಡು 411 042 129 776 393.2 ಹರ್ಟ್ಸ್ ಅಂತ ಪ್ರಕಟಿಸಿತು, ಅನಿಶ್ಚಿತತೆ 1 ಹರ್ಟ್ಸ್. ಆಮೇಲೆ ವುಹಾನ್ ತಂಡದ ಅಳತೆ ಇದಕ್ಕಿಂತ ಸುಮಾರು 8 ಹರ್ಟ್ಸ್ ಮೇಲೆ ಬಂತು. ಅಷ್ಟು ನುರಿತ ಲ್ಯಾಬ್‌ಗಳ ನಡುವೆಯೂ ಆ ಅಂತರ ಇತ್ತು. ನಿಮ್ಮ ಸದ್ಯದ ಕೆಲಸಕ್ಕೆ ಆ 8 ಹರ್ಟ್ಸ್ ಅಡ್ಡಿಯಲ್ಲ. ನಿಮ್ಮ ಅಂಕಿ ಇದರಿಂದ ಒಂದೆರಡು ಕಿಲೋಹರ್ಟ್ಸ್ ಒಳಗೆ ಬರುವವರೆಗೂ ಬೇರೆ ಬಗೆಯ ಅಯಾನಿಗೆ ಕೈ ಹಾಕಬೇಡಿ.