ಏಳನೇ ಕ್ಲಾಸಿನ ಇಂಗ್ಲಿಷ್: ಫುಲ್‌ಸ್ಟಾಪ್ ರೂಢಿ ಮಾಡಿಸುವುದು ಹೇಗೆ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಕ್ಕಳು ‘ಐ ಆಮ್ ಗೋ ಟು ಮಾರ್ಕೆಟ್’ ಎಂದೇ ಬರೆಯುತ್ತಾರೆ. ‘ಐ’ ದೊಡ್ಡಕ್ಷರದಲ್ಲಿ ಇರುವುದಿಲ್ಲ, ಫುಲ್‌ಸ್ಟಾಪೂ ಇಲ್ಲ. ದಿನಾ ತಿದ್ದುತ್ತೇನೆ, ಮತ್ತೆ ಅದೇ. ಏನು ಮಾಡಲಿ?

ಉತ್ತರ: ಮೇಡಂ, ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವೇ ಇಲ್ಲ ಅಲ್ವಾ? ಮಕ್ಕಳು ಮರೆಯುವುದು ಸಹಜ. ಸುಮ್ನೆ ಕೆಂಪು ಗೆರೆ ಎಳೆಯಬೇಡಿ. ಅಪ್ಪ ಕೋಲಾರದ ಮಂಡಿಗೆ ಟೊಮೆಟೊ ಹಾಕಿದ್ದನ್ನು ಮೂರು ವಾಕ್ಯದಲ್ಲಿ ಬರೆಸಿ. ಪಕ್ಕದವರು ಜೋರಾಗಿ ಓದಲಿ. ಮಾತು ಮುಗಿದ ಕಡೆ ಒಂದು ಚಪ್ಪಾಳೆ, ಅಲ್ಲೇ ಚುಕ್ಕಿ. ನನ್ನ ಕ್ಲಾಸಿನಲ್ಲಿ ಹದಿನೈದು ದಿನಕ್ಕೆ ಮಕ್ಕಳೇ ಒಬ್ಬರನ್ನೊಬ್ಬರು ತಿದ್ದತೊಡಗಿದರು.

ಇನ್ನೊಬ್ಬರು: ‘ಹೋಗುತ್ತೇನೆ’ ಅಂದರೆ ‘ಐ ಗೋ’, ‘ಹೋಗುತ್ತಿದ್ದೇನೆ’ ಅಂದರೆ ‘ಐ ಆಮ್ ಗೋಯಿಂಗ್’. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ, ಅಳಿಸಬೇಡಿ.

ಪ್ರಶ್ನೆ ಕೇಳಿದವರು: ಚಪ್ಪಾಳೆ ನಾಳೆಯಿಂದಲೇ ಶುರು.