ಝಡ್-ಸ್ಕ್ಯಾನ್: ಬಲಗಡೆ ಭುಜ ಇಳಿಯೋದೇ ಇಲ್ಲ, ತಲೆ ಕೆಟ್ಟಿದೆ

ಕೆಂಪುಚುಕ್ಕಿ: ಮೂರು ವಾರದಿಂದ ಇದೇ ಗೋಳು. ಸ್ಯಾಂಪಲನ್ನ ಲೇಸರ್ ಫೋಕಸ್ ದಾಟಿಸ್ತಾ ಎಷ್ಟು ಬೆಳಕು ಆಚೆ ಬರುತ್ತೆ (ಟ್ರಾನ್ಸ್‌ಮಿಷನ್) ಅಂತ ಅಳೀತಿದೀನಿ, ಆ ಗ್ರಾಫಿನ ಬಲಭುಜದ್ದೇ ತೊಂದರೆ. ಚಿನ್ನದ ನ್ಯಾನೊಕಣ, 532 ನ್ಯಾನೊಮೀಟರ್ ಲೇಸರ್, ಓಪನ್ ಅಪರ್ಚರ್ (ಡಿಟೆಕ್ಟರ್ ಮುಂದೆ ಕಿಂಡಿ ಇಲ್ಲ, ಬೀಮ್ ಪೂರ್ತಿ ಬೀಳ್ಬೇಕು). ಫೋಕಸ್ ಹತ್ತಿರ ಟ್ರಾನ್ಸ್‌ಮಿಷನ್ ಏರುತ್ತೆ, ಸರಿ. ದಾಟಿದ ಮೇಲೆ ಬೇಗ ಇಳಿಯಲ್ಲ, ತುಂಬ ದೂರ ಹೋದ ಮೇಲೆ ಮೆಲ್ಲಗೆ ಇಳಿಯುತ್ತೆ. ಗೈಡ್ ಕೇಳಿದ್ರೆ "ಅಲೈನ್‌ಮೆಂಟ್ ನೋಡು" ಅಷ್ಟೇ.

ಬೆಳಕಿನಜ್ಜ: 532 ಅಂದ್ರೆ ಸಾಕಾ? ಪಲ್ಸ್ ಎಷ್ಟು, ಎನರ್ಜಿ ಎಷ್ಟು? ಏನೇ ಇರಲಿ, ಥರ್ಮಲ್ ಲೆನ್ಸ್ ಅದು, ಬಿಸಿಯಾದ ಜಾಗವೇ ಲೆನ್ಸ್ ಥರ ಬೀಮ್ ಬಾಗಿಸುತ್ತೆ.

ಕೆಂಪುಚುಕ್ಕಿ: ಎಲ್ಲರ ಹತ್ರ ಇರೋ ಎನ್‌ಡಿ-ಯಾಗ್ ಲೇಸರೇ ಸರ್. 7 ನ್ಯಾನೊಸೆಕೆಂಡ್, 10 ಹರ್ಟ್ಸ್, 5 ಮೈಕ್ರೊಜೂಲ್. ಸ್ಪಾಟ್ 20 ಮೈಕ್ರಾನ್.

ಪಿಕೊಮಾರಾಯ: ಪಲ್ಸಿಗೂ ಪಲ್ಸಿಗೂ ನಡುವೆ 100 ಮಿಲಿಸೆಕೆಂಡ್ ಉಂಟು. ಅಷ್ಟು ಸಣ್ಣ ಸ್ಪಾಟಿನ ಬಿಸಿ ಒಂದೆರಡು ಮಿಲಿಸೆಕೆಂಡಿನಲ್ಲೇ ಹರಡಿ ಹೋಗ್ತದೆ. ಬೀಮ್ ಪೂರ್ತಿ ಡಿಟೆಕ್ಟರಿಗೆ ಬಿದ್ರೆ ಲೆನ್ಸ್ ಕಾಣುವುದೇ ಇಲ್ಲ.

ಬೆಳಕಿನಜ್ಜ: ಪೂರ್ತಿ ಬೀಳ್ತಿದೆ ಅಂತ ಯಾರು ಹೇಳಿದ್ದು? ಅಂಚು ಕತ್ತರಿಸಿದ್ರೆ ಥರ್ಮಲ್ ನುಸುಳುತ್ತೆ. 1990ರಲ್ಲಿ ಝಡ್-ಸ್ಕ್ಯಾನ್ ಪೇಪರ್ ಬಂದಾಗಿಂದ ನೋಡ್ತಿದೀನಿ.

ಪಿಕೊಮಾರಾಯ: ಝಡ್-ಸ್ಕ್ಯಾನ್ ತಂದ ಶೇಖ್-ಬಹೇ ಅವರ ಮೊದಲ ಲೆಟರ್ (ಚಿಕ್ಕ ಪೇಪರ್) 1989ರದ್ದು ಮಾರಾಯ್ರೆ.

ಬೆಳಕಿನಜ್ಜ: ನಾನು ಹೇಳಿದ್ದು ದೊಡ್ಡ ಪೇಪರ್. ಓದಿದವರಿಗೆ ಗೊತ್ತಾಗುತ್ತೆ.

ಟ್ಯೂಬ್‌ಟೇಬಲ್: ಟೇಬಲ್ ಅಲುಗಾಡ್ತಿದ್ಯಾ ನೋಡಿ. ನಮ್ಮಲ್ಲಿ ಗ್ರಾನೈಟ್ ಚಪ್ಪಡಿ, ಕೆಳಗೆ ನಾಲ್ಕು ಸ್ಕೂಟರ್ ಟ್ಯೂಬ್. ಬಸ್ ಹೋದ್ರೂ ಫ್ರಿಂಜ್ (ಬೆಳಕಿನ ಪಟ್ಟೆ) ಕದಲಲ್ಲ.

ಸಿಟ್ರೇಟ್‌ಅಕ್ಕ: ಕ್ಯುವೆಟ್ (ದ್ರಾವಣ ತುಂಬೋ ಪಾರದರ್ಶಕ ಡಬ್ಬಿ) ಎಷ್ಟು ದಪ್ಪ ತಮ್ಮಾ?

ಕೆಂಪುಚುಕ್ಕಿ: ಕ್ಯುವೆಟ್ ಎಲ್ಲಿ ಬಂತು ಅಕ್ಕಾ, ಕಣ ಇರೋದು ಪಿವಿಎ ಪ್ಲಾಸ್ಟಿಕ್ ಫಿಲ್ಮಿನಲ್ಲಿ. ಗಾಜಿನ ಮೇಲೆ.

ಸಿಟ್ರೇಟ್‌ಅಕ್ಕ: ಅದನ್ನ ಈಗ ಹೇಳ್ತಿದ್ದೀಯಲ್ಲೋ! ಫಿಲ್ಮಿನಲ್ಲಿ ಕಣ ಅಲ್ಲೇ ಕೂತಿರುತ್ತೆ, ಪ್ರತಿ ಪಲ್ಸೂ ಅದಕ್ಕೇ ಬೀಳುತ್ತೆ. ಚಿನ್ನ ಕರಗೋದು 1064 ಡಿಗ್ರಿಗೆ (ನಿನ್ನ ಯಾಗಿನ ಮೂಲ ತರಂಗವೂ 1064 ನ್ಯಾನೊಮೀಟರ್, ಕಾಕತಾಳೀಯ). ಫೋಕಸ್ಸಿನಲ್ಲಿ ಕಣ ಕರಗಿ ಒಡೆದು ಅಲ್ಲಿ ಬಣ್ಣ ಬಿಳಿಚಿದೆ. ಆಚೆ ಬೀಮ್ ಅಗಲ ಆದಾಗ ಸುತ್ತಲಿನ ಹೊಸ ಕಣಗಳೂ ಸೇರ್ತವೆ, ಅದಕ್ಕೇ ಮೆಲ್ಲಗೆ ಇಳಿಯೋದು. ಹೊಸ ಜಾಗದಲ್ಲಿ ಸ್ಟೇಜ್ ಉಲ್ಟಾ ಓಡಿಸು. ಎತ್ತರದ ಭುಜ ಎಡಕ್ಕೆ ಬಂದ್ರೆ ಅಲೈನ್‌ಮೆಂಟ್ ತಪ್ಪಲ್ಲ.

ಬೆಳಕಿನಜ್ಜ: ಕರಗೋದೂ ಥರ್ಮಲ್ಲೇ ಅಲ್ವಾ?

ಕೆಂಪುಚುಕ್ಕಿ: ಎಡಕ್ಕೆ ಬಂತು ಅಕ್ಕಾ. ಮೈಕ್ರೊಸ್ಕೋಪಿನಲ್ಲಿ ಕೆಂಪಿನ ನಡುವೆ ಸೂಜಿಮೊನೆಯಷ್ಟು ಬಿಳಿಚಿದ ಕಲೆ. 0.3 ಮೈಕ್ರೊಜೂಲಿಗೆ ಇಳಿಸಿ, ಪ್ರತಿ ಪಾಯಿಂಟಿಗೂ ಫಿಲ್ಮ್ ಪಕ್ಕಕ್ಕೆ ಸರಿಸಿದೆ. ಭುಜ ಹೋಯ್ತು. ಈಗ ಸಿಗ್ನಲ್ಲೂ ನಾಯ್ಸಿನಲ್ಲಿ ಮುಳುಗಿದೆ. ಬಾಕ್ಸ್‌ಕಾರ್ (ಪಲ್ಸ್ ಸಿಗ್ನಲ್ ಸರಾಸರಿ ಮಾಡಿ ನಾಯ್ಸ್ ಇಳಿಸೋ ಉಪಕರಣ) ಇಲ್ಲದೆ ಏನಾದ್ರೂ ದಾರಿ ಇದ್ಯಾ?

ಟ್ಯೂಬ್‌ಟೇಬಲ್: ಟ್ಯೂಬ್ ಫೋಟೊ ಹಾಕ್ಲಾ?