ಲಾಲ್‌ಬಾಗ್ ಒಳಾಂಗಣ ಕ್ರೀಡಾಂಗಣ: ಹೆಸರಿನ ಹಿನ್ನೆಲೆ, ಮರದ ನೆಲದ ಗೋಳು

ಕಡಲತಡಿ:
ಮಂಗಳೂರು ಲಾಲ್‌ಬಾಗ್‌ನ ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣದ ಬಗ್ಗೆ ಸ್ಮರಣ ಸಂಚಿಕೆಗೆ ಒಂದು ಪುಟ ಬರೆಯಲಿಕ್ಕುಂಟು. ಮಲ್ಯರು ಆಟಗಾರರೇ? ಇನ್ನೊಂದು, ನಮ್ಮ ಕರಾವಳಿಯಲ್ಲಿ ಮಾಡು ಸೋರದಿದ್ದರೂ ಕೋರ್ಟಿನ ಮರದ ನೆಲ ಜುಲೈ ಹೊತ್ತಿಗೆ ಎದ್ದು ನಿಲ್ಲುವುದು ಯಾಕೆ?

ಬಂದರು ರಸ್ತೆ:
ಆಟಕ್ಕಾಗಿ ಇಟ್ಟ ಹೆಸರಲ್ಲ. ಉಳ್ಳಾಲ ಶ್ರೀನಿವಾಸ ಮಲ್ಯ (1902–1965) ಸಂಸದರು. 1957, 1962ರಲ್ಲಿ ಗೆದ್ದದ್ದು ಉಡುಪಿ ಕ್ಷೇತ್ರದಿಂದ. ಪಣಂಬೂರಿನ ಬಂದರು, ಬಜ್ಪೆ ವಿಮಾನ ನಿಲ್ದಾಣ, 1960ರಲ್ಲಿ ಶುರುವಾದ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿ (ಈಗಿನ ಎನ್‌ಐಟಿಕೆ), ಇವೆಲ್ಲದರ ಹಿಂದೆ ಓಡಾಡಿದವರು. ಕಟ್ಟಡದ ವರ್ಷವನ್ನು ಮಾತ್ರ ಬಾಯಿಮಾತು ಕೇಳಿ ಬರೆಯಬೇಡಿ, ಫಲಕ ನೋಡಿ. ಶಂಕುಸ್ಥಾಪನೆಯ ವರ್ಷವನ್ನೇ ಉದ್ಘಾಟನೆಯದ್ದೆಂದು ಬರೆಯುವುದು ಇಂಥ ಸಂಚಿಕೆಗಳ ಮಾಮೂಲಿ ತಪ್ಪು.

ಹಲಗೆ ಲೆಕ್ಕ:
ನೆಲ ಏಳಿಸುವುದು ನೀರಲ್ಲ, ಗಾಳಿ. ಕೋರ್ಟಿಗೆ ಹಾಸುವ ಮೇಪಲ್ ಮರದ ಹಲಗೆ ಬರುವಾಗ ತೇವಾಂಶ ಶೇ. 6–9 ಇರುತ್ತದೆ. ಮಳೆಗಾಲದಲ್ಲಿ ನಮ್ಮ ಗಾಳಿಯ ಆರ್ದ್ರತೆ ಶೇ. 85 ದಾಟಿದರೆ ಅದೇ ಮರ ನಿಧಾನಕ್ಕೆ ಶೇ. 18ರ ಆಸುಪಾಸಿಗೆ ಹೋಗುತ್ತದೆ. ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಹಿಗ್ಗುತ್ತದೆ. 57 ಮಿ.ಮೀ. ಹಲಗೆ ತಲಾ ಅರ್ಧ ಮಿ.ಮೀ. ಹಿಗ್ಗಿದರೂ 10 ಮೀಟರಿಗೆ 8 ಸೆಂ.ಮೀ. ಮೇಲಾಯಿತು! ಅದಕ್ಕೇ ಗೋಡೆಯಂಚಿಗೆ 40–50 ಮಿ.ಮೀ. ಖಾಲಿ ಬಿಡುವುದು. ಚಂದ ಕಾಣುವುದಿಲ್ಲವೆಂದು ಆ ಸಂದಿಗೆ ಸಿಮೆಂಟು ತುಂಬಿಸುವವರಿದ್ದಾರೆ, ಆಮೇಲೆ ಗುತ್ತಿಗೆದಾರನಿಗೆ ಬೈಗುಳ.

ಸಂದಿ ಬಿಟ್ಟರೂ ಸಾಲದು. ಏಪ್ರಿಲ್‌ನಲ್ಲಿ ಒಣ ಹಲಗೆಗಳನ್ನು ಒತ್ತೊತ್ತಾಗಿ ಬಡಿಯಬಾರದು, ಕೆಲವು ಸಾಲಿಗೊಮ್ಮೆ ವಾಷರ್ ಇಟ್ಟು ಎಡೆ ಬಿಡಬೇಕು. ಹಲಗೆಯ ಕೆಳಗೆ ಪಾಲಿಥೀನ್ ಹಾಳೆ, ಅಂಚಿನ ಮೇಲೆ ಅಂಚು ಬಂದು ಟೇಪು ಬಿದ್ದಿರಬೇಕು. ಅದಕ್ಕೂ ಮೊದಲು ಕಾಂಕ್ರೀಟು ಒಣಗಿದೆಯೇ ನೋಡಿ: 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಅಂಟಿಸಿ 16 ಗಂಟೆ ಬಿಡಿ. ಒಳಗೆ ಬೆವರು ಕಂಡರೆ ಕಾಯಿರಿ.

ಅಜ್ಜರಕಾಡು ಸಂಜೆ:
ಮೇಲೆ ಸಿಂಥೆಟಿಕ್ ಮ್ಯಾಟ್ ಹಾಸಿದ್ದರೆ ಆಟ ಇಲ್ಲದಾಗ ಸುತ್ತಿಡಿ, ಹಾಸಿಯೇ ಬಿಟ್ಟರೆ ಅಡಿಯ ತೇವಕ್ಕೆ ಹೋಗಲು ದಾರಿಯಿಲ್ಲ. ನೆಲ ಸ್ವಲ್ಪ ಎದ್ದರೂ ಬ್ಯಾಡ್ಮಿಂಟನ್ ನೆಟ್ಟಿನ ಎತ್ತರದ ಲೆಕ್ಕ ತಪ್ಪುತ್ತದೆ. ಕಂಬದಲ್ಲಿ 1.55 ಮೀಟರ್ ಸರಿ ಇದ್ದರೂ ನಡುವಿನ 1.524 ಅಳೆದೇ ಪಂದ್ಯ ಶುರು ಮಾಡಿ.

ಕಡಲತಡಿ:
ಎದ್ದ ನೆಲವನ್ನು ಉಜ್ಜಿ ಸಮ ಮಾಡಿಸಿದರೆ?

ಹಲಗೆ ಲೆಕ್ಕ:
ಖಂಡಿತ ಬೇಡ. ಅಂಚು ಎದ್ದು ನಡು ತಗ್ಗಿದಾಗ ಉಜ್ಜಿದರೆ ಅಂಚಿನ ಮರ ಸವೆಯುತ್ತದೆ. ಡಿಸೆಂಬರಿನಲ್ಲಿ ಒಣಗಿದಾಗ ನಡು ಉಬ್ಬಿ ಕೂರುತ್ತದೆ. ಮೊದಲು ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ತೆಗೆದು, ಗೋಡೆಯಂಚಿನ ಹಲಗೆ ಕತ್ತರಿಸಿ ಜಾಗ ಮಾಡಿ. ಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಒಣಗುತ್ತದೆಂಬ ನಂಬಿಕೆ ಬಿಡಿ, ಒಳಗೆ ಬರುವುದೂ ಒದ್ದೆ ಗಾಳಿಯೇ. ಬಾಗಿಲು ಮುಚ್ಚಿ ಡೀಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಓಡಿಸಿ. ಉಜ್ಜುವ ಕೆಲಸ ಜನವರಿ ನಂತರ.